ಪರದೆ ಕಟ್ಟಲು ನಾಲ್ಕು ವರ್ಷದ ಓದೇ?

ಬಾಗಲಕೋಟೆ ಜಿಲ್ಲೆಯ ಒಂದು ಮನೆ. ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ಮಗಳು ಒಂದು ಸಂಜೆ ಧೈರ್ಯ ಮಾಡಿ, ಮುಂದೆ ಒಳಾಂಗಣ ವಿನ್ಯಾಸ ಓದುವುದಾಗಿ ಹೇಳಿದಳು. ಅಪ್ಪ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರರು. ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟು ಕೇಳಿದರು: "ಪಡದೆ ಕಟ್ಟೂದ ಕಲೀಲಿಕ್ಕೆ ನಾಕ ವರ್ಷ ಕಾಲೇಜ ಬೇಕೇನವಾ?"

ಮಗಳ ಬಳಿ ಉತ್ತರವಿರಲಿಲ್ಲ. ಎದ್ದು ಒಳಗೆ ಹೋದಳು. ಅವ್ವ ಯಾರ ಪರವಾಗಿಯೂ ಮಾತಾಡಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ಚಿತ್ರ ಬರೆಯುವ, ಬಟ್ಟೆಯ ಬಣ್ಣ ಹೊಂದಿಸುವ, ಕೋಣೆಯ ಸಾಮಾನುಗಳನ್ನು ಆಗಾಗ ಅತ್ತಿಂದಿತ್ತ ಸರಿಸುವ ಮಕ್ಕಳು ಅನೇಕ ಮನೆಗಳಲ್ಲಿದ್ದಾರೆ. ಅದು ಹವ್ಯಾಸವೋ, ಹೊಟ್ಟೆ ತುಂಬಿಸುವ ವಿದ್ಯೆಯೋ ಎಂಬುದು ಪಾಲಕರ ಚಿಂತೆ. ಆ ಚಿಂತೆಯಲ್ಲಿ ತಪ್ಪೇನಿಲ್ಲ. ಆದರೆ 'ಪರದೆ ಕಟ್ಟುವುದು' ಎಂಬ ಮಾತಿನ ಹಿಂದೆ ಎಷ್ಟು ವಿದ್ಯೆ ಅಡಗಿದೆ ಎಂಬುದನ್ನು ನೋಡದೆ ಹೌದು ಎನ್ನುವುದೂ ಸರಿಯಲ್ಲ, ಬೇಡ ಎನ್ನುವುದೂ ಸರಿಯಲ್ಲ.

ಪೆಟ್ಟಿಗೆಯೊಳಗಿನ ಪಠ್ಯ

ಗೃಹಾಲಂಕಾರದ ಮೊದಲ ಪಠ್ಯಪುಸ್ತಕ ಹಲವರ ಮನೆಯಲ್ಲೇ ಇದೆ. ಅದು ಅಜ್ಜಿಯ ಸೀರೆ ಪೆಟ್ಟಿಗೆ.

ಒಂದು ಇಳಕಲ್ ಸೀರೆಯನ್ನು ಹಾಸಿ ದೂರ ನಿಂತು ನೋಡಿ. ಒಡಲಿನ ಬಹುಭಾಗಕ್ಕೆ ಒಂದು ಗಾಢವಾದ, ಶಾಂತ ಬಣ್ಣ. ಅದರ ಎರಡೂ ಬದಿಗೆ ಬೇರೆ ಬಣ್ಣದ ಅಂಚು. ಕೊನೆಗೆ ಕೆಂಪು-ಬಿಳಿಯ ತೋಪು-ತೆನೆ ಸೆರಗು. ಒಡಲಿನ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಎಲ್ಲಕ್ಕಿಂತ ಉಜ್ವಲವಾದದ್ದು ಎಲ್ಲಕ್ಕಿಂತ ಕಡಿಮೆ ಜಾಗದಲ್ಲಿದೆ ಎಂಬುದನ್ನು ಗಮನಿಸಬೇಕು. ಕೋಣೆಗೆ ಬಣ್ಣ ಹಂಚುವಾಗ ವಿನ್ಯಾಸಕಾರರು ಹೇಳುವ ಸ್ಥೂಲ ಸೂತ್ರವೊಂದಿದೆ: ನೂರರಲ್ಲಿ ಅರವತ್ತು ಪಾಲು ಒಂದು ಮುಖ್ಯ ಬಣ್ಣ, ಮೂವತ್ತು ಪಾಲು ಅದಕ್ಕೆ ಜೊತೆಯಾಗುವ ಬಣ್ಣ, ಉಳಿದ ಹತ್ತು ಪಾಲು ಕಣ್ಸೆಳೆಯುವ ಬಣ್ಣ. ಗೋಡೆ ಒಡಲು, ಪರದೆ ಅಂಚು, ದಿವಾನದ ಮೇಲಿನ ದಿಂಬು ಸೆರಗು ಎಂದುಕೊಂಡರೆ ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ.

ಗುಳೇದಗುಡ್ಡದ ಖಣ ಇನ್ನೊಂದು ಪಾಠ ಹೇಳುತ್ತದೆ. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಯ ಜೊತೆ ಕೊಡುವ ಈ ಕುಪ್ಪಸದ ಬಟ್ಟೆಯ ವಿನ್ಯಾಸ ಚಿಕ್ಕದು, ಒತ್ತೊತ್ತಾದದ್ದು. ಕೈಯಲ್ಲಿ ಹಿಡಿದಾಗ ಪ್ರತಿಯೊಂದು ಆಕೃತಿಯೂ ಕಾಣುತ್ತದೆ. ಹತ್ತು ಅಡಿ ದೂರಕ್ಕೆ ಹೋದರೆ ಆಕೃತಿ ಕರಗಿ ಬರೀ ಮಿನುಗು ಉಳಿಯುತ್ತದೆ. ಹಾಗಾಗಿ ಅದೇ ಖಣ ದಿಂಬಿನ ಹೊದಿಕೆಗೆ, ದೀಪದ ಮುಸುಕಿಗೆ, ಬಾಗಿಲ ತೋರಣಕ್ಕೆ ಒಪ್ಪುತ್ತದೆ; ದೊಡ್ಡ ಪರದೆಗೆ ಹಾಕಿದರೆ ಅದರ ಅಂದವೇ ಕಾಣೆಯಾಗುತ್ತದೆ. ವಿನ್ಯಾಸದ ಅಳತೆಗೂ ನೋಡುವವರ ದೂರಕ್ಕೂ ಸಂಬಂಧವಿದೆ ಎಂಬುದನ್ನು ಕಾಲೇಜಿನಲ್ಲಿ ಒಂದು ತರಗತಿಯಾಗಿ ಕಲಿಸುತ್ತಾರೆ. ಖಣದ ಒಂದು ತುಂಡು ಅದನ್ನು ಐದು ನಿಮಿಷದಲ್ಲಿ ತೋರಿಸುತ್ತದೆ.

ಕಸೂತಿಯದು ರೇಖಾಗಣಿತ. ಅದರಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಗೋಪುರ ಓರೆಯಾಗುತ್ತದೆ. ಗವಂತಿಯಲ್ಲಿ ಹಾಕಿದ ಚಿತ್ತಾರ ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಒಂದೇ ಕೋಣೆಯನ್ನು ಎರಡು ಮಾಡಲು ನಡುವೆ ಇಳಿಬಿಡುವ ತೆರೆಗೆ ಬೇಕಾದ ಗುಣ ಇದೇ ಅಲ್ಲವೇ?

ನವಲಗುಂದದ ಜಮಖಾನೆ ನೆಲದ ಪಾಠ. ಗೋಡೆಯ ಚಿತ್ರಕ್ಕೆ ಮೇಲು-ಕೆಳಗು ಉಂಟು, ನೆಲದ ಹಾಸಿಗೆ ಇಲ್ಲ. ನಾಲ್ಕೂ ದಿಕ್ಕಿನಲ್ಲಿ ಕುಳಿತವರಿಗೆ ಅದು ಸರಿಯಾಗಿ ಕಾಣಬೇಕು. ಅಲ್ಲಿನ ಹೆಣ್ಣುಮಕ್ಕಳು ನೇಯುವ ಪಗಡೆ ಹಾಸಿನ ವಿನ್ಯಾಸ ಆ ಅಗತ್ಯಕ್ಕೆ ಸರಿಹೊಂದುತ್ತದೆ. ಇದಕ್ಕೆ ಸೇರಿದ ಇನ್ನೊಂದು ಎಚ್ಚರವೂ ಇದೆ. ಕಸೂತಿಯ ಗೋಪುರ, ತುಳಸಿಕಟ್ಟೆ ಎಷ್ಟೇ ಚೆನ್ನಾಗಿದ್ದರೂ ಅವು ಕಾಲೊರಸಿನ ಮೇಲೆ ಬರಬಾರದು. ಯಾವ ಚಿತ್ತಾರ ಎಲ್ಲಿರಬೇಕು ಎಂಬ ತಿಳಿವಳಿಕೆ ಯಾವ ಪಠ್ಯದಲ್ಲೂ ಇಲ್ಲದಿರಬಹುದು. ಅದು ಅಜ್ಜಿಗೆ ಗೊತ್ತು.

ಕಣ್ಣಿಗೆ ಮೋಸ ಮಾಡುವ ಬಣ್ಣ

ಪ್ಯಾರಿಸ್ಸಿನ ಗೋಬೆಲಾಂ ಎಂಬಲ್ಲಿ ಅರಮನೆಗಳ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ನೇಯುವ ಹೆಸರಾಂತ ಕಾರ್ಯಾಗಾರವಿತ್ತು. 1824ರಲ್ಲಿ ಅದರ ಬಣ್ಣಗಾರಿಕೆ ವಿಭಾಗಕ್ಕೆ ಮಿಷೆಲ್ ಯೂಜೀನ್ ಷೆವ್ರಲ್ ಎಂಬ ರಸಾಯನವಿಜ್ಞಾನಿ ಮುಖ್ಯಸ್ಥರಾಗಿ ಬಂದರು. ಅವರ ಮುಂದೆ ಬಂದ ದೂರುಗಳಲ್ಲಿ ಒಂದು ವಿಚಿತ್ರವಾಗಿತ್ತು. ನೀಲಿ ಮತ್ತು ನೇರಳೆ ಬಟ್ಟೆಯ ನೆರಿಗೆಗಳಲ್ಲಿ ನೆರಳು ತೋರಿಸಲು ಬಳಸುವ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ, ಮಂಕಾಗಿದೆ ಎಂಬ ದೂರು ಅದು.

ಷೆವ್ರಲ್ ಬೇರೆ ಕಡೆಗಳ ಕಪ್ಪು ನೂಲು ತರಿಸಿ ಹೋಲಿಸಿದರು. ತಮ್ಮ ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ನೆರೆಯಲ್ಲಿ. ಕಪ್ಪಿನ ಪಕ್ಕದಲ್ಲಿದ್ದ ನೀಲಿ, ನೇರಳೆಗಳೇ ಅದನ್ನು ಮಂಕಾಗಿ ಕಾಣಿಸುತ್ತಿದ್ದವು. ಒಂದು ಬಣ್ಣ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಅದರ ನೆರೆಯ ಬಣ್ಣವೂ ನಿರ್ಧರಿಸುತ್ತದೆ ಎಂಬ ಈ ನಿಯಮವನ್ನು ಅವರು 1839ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಮುಂದೆ ಅದನ್ನು ಚಿತ್ರಕಾರರೂ ಓದಿದರು.

ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಒಂದೇ ಬೂದುಬಣ್ಣದ ಕಾಗದದಿಂದ ಎರಡು ಚೌಕ ಕತ್ತರಿಸಿ, ಒಂದನ್ನು ಬಿಳಿ ಬಟ್ಟೆಯ ಮೇಲೆ, ಇನ್ನೊಂದನ್ನು ಕಪ್ಪು ಬಟ್ಟೆಯ ಮೇಲೆ ಇಡಿ. ಬಿಳಿಯ ಮೇಲಿನದು ಗಾಢವಾಗಿ, ಕಪ್ಪಿನ ಮೇಲಿನದು ತಿಳಿಯಾಗಿ ತೋರುತ್ತದೆ. ಅಂಗಡಿಯ ಕಾರ್ಡಿನಲ್ಲಿ ಇಷ್ಟವಾದ ಗೋಡೆಬಣ್ಣ ಮನೆಗೆ ಹಚ್ಚಿದ ಮೇಲೆ ಬೇಸರ ತರಿಸುವುದಕ್ಕೆ ಇದೂ ಒಂದು ಕಾರಣ. ಕಾರ್ಡಿನಲ್ಲಿ ಅದರ ನೆರೆ ಬೇರೆ, ಮನೆಯಲ್ಲಿ ಬೇರೆ.

ಬೆಳಕಿನದು ಇನ್ನೊಂದು ಆಟ. ಅಂಗಡಿಯ ದೀಪದಡಿ ಒಂದಕ್ಕೊಂದು ಸರಿಹೊಂದಿದ ಸೀರೆ ಮತ್ತು ಕುಪ್ಪಸದ ಬಟ್ಟೆ ಹೊರಗಿನ ಬೆಳಕಿನಲ್ಲಿ ಬೇರೆಯಾಗಿ ಕಾಣುವುದುಂಟು. ಸೀರೆ ಅಂಗಡಿಯಲ್ಲಿ ಬಟ್ಟೆಯನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡುವ ತಾಯಂದಿರು ಮಾಡುವ ಪರೀಕ್ಷೆಯನ್ನೇ ಜವಳಿ ಉದ್ಯಮ ಬೇರೆ ಬೇರೆ ದೀಪಗಳಿರುವ ಪೆಟ್ಟಿಗೆಯೊಳಗೆ ಮಾಡುತ್ತದೆ.

ನ್ಯೂಯಾರ್ಕಿನ ಒಂದು ಪ್ರದರ್ಶನ

ಒಂದು ಪ್ರದರ್ಶನದಿಂದ ಏನಾದೀತು ಎನ್ನುವವರು 1955ರ ಸಂಗತಿಯನ್ನು ತಿಳಿಯಬೇಕು. ಆ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ಪ್ರದರ್ಶನ ನಡೆಯಿತು. ಅದನ್ನು ವಿನ್ಯಾಸಗೊಳಿಸಿದವರು ಅಲೆಕ್ಸಾಂಡರ್ ಜಿರಾರ್ಡ್. 1952ರಿಂದ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪನಿಯ ಜವಳಿ ವಿಭಾಗವನ್ನು ನಡೆಸುತ್ತಿದ್ದ ಒಳಾಂಗಣ ವಿನ್ಯಾಸಕಾರ. ಅವರು ಸೀರೆಗಳನ್ನು ಗಾಜಿನ ಕಪಾಟಿನಲ್ಲಿ ಮಡಿಸಿಡಲಿಲ್ಲ. ಹೊಂಬಣ್ಣದ ಕಂಬಗಳು, ನೀರಿನ ಕೊಳ, ಮೇಲಿನಿಂದ ಇಳಿಬಿದ್ದ ಬಟ್ಟೆಗಳು ಹೀಗೆ ಒಂದು ಕಾಲ್ಪನಿಕ ಬಜಾರನ್ನೇ ಕಟ್ಟಿದರು. ಬಟ್ಟೆಯೇ ಅಲ್ಲಿ ಗೋಡೆ, ಬಟ್ಟೆಯೇ ಸೂರು.

ಅದೇ ವಸಂತದಲ್ಲಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಚಿತ್ರ ಮೊದಲ ಸಲ ತೆರೆ ಕಂಡದ್ದೂ ಅದೇ ಮ್ಯೂಸಿಯಂನಲ್ಲಿ. ಜವಳಿ ಪ್ರದರ್ಶನದ ಬಗ್ಗೆ ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ವಿನ್ಯಾಸಕಾರ ದಂಪತಿ ಒಂದು ಕಿರುಚಿತ್ರ ತೆಗೆದರು. ಕೈಮಗ್ಗ ಮತ್ತು ಕರಕುಶಲ ಕ್ಷೇತ್ರದಲ್ಲಿ ದುಡಿಯುತ್ತಿದ್ದ ಪುಪುಲ್ ಜಯಕರ್ ಅವರಿಗೂ ಚಾರ್ಲ್ಸ್ ಈಮ್ಸ್ ಅವರಿಗೂ ಪರಿಚಯವಾದದ್ದು ಅಲ್ಲಿಯೇ. ಆ ಪರಿಚಯ ಮುಂದೆ ಫಲ ಕೊಟ್ಟಿತು. ಭಾರತ ಸರ್ಕಾರದ ಆಹ್ವಾನದ ಮೇಲೆ ಈಮ್ಸ್ ದಂಪತಿ ದೇಶ ಸುತ್ತಿ 1958ರಲ್ಲಿ ವರದಿ ಕೊಟ್ಟರು. ದಿನಬಳಕೆಯ ಲೋಟಾ ಅಂದರೆ ತಂಬಿಗೆಯನ್ನು ಉತ್ತಮ ವಿನ್ಯಾಸಕ್ಕೆ ಮಾದರಿಯಾಗಿ ತೋರಿಸಿದ ವರದಿ ಅದು. ಅದರ ಹಿನ್ನೆಲೆಯಲ್ಲೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ಹುಟ್ಟಿತು. ಇಂದು ಸಾವಿರಾರು ಮಕ್ಕಳು ಸೇರಬಯಸುವ ಆ ಸಂಸ್ಥೆಯ ಬೇರಿನ ಒಂದು ಎಳೆ ನೇತುಹಾಕಿದ ಸೀರೆಗಳ ಒಂದು ಪ್ರದರ್ಶನದವರೆಗೆ ಹೋಗುತ್ತದೆ.

ಮೇಳಕ್ಕೆ ಹೋಗುವುದು ಹೇಗೆ?

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಜನವರಿಯಲ್ಲಿ 'ಹೈಮ್‌ಟೆಕ್ಸ್‌ಟಿಲ್' ಎಂಬ ಗೃಹ ಜವಳಿ ಮೇಳ ನಡೆಯುತ್ತದೆ. ಅದು ಶುರುವಾದದ್ದು 1971ರಲ್ಲಿ. ಪರದೆ, ಹಾಸಿಗೆ ಹೊದಿಕೆ, ಕುರ್ಚಿ ಬಟ್ಟೆಗಳ ವ್ಯಾಪಾರದಲ್ಲಿ ಮುಂದೆ ಯಾವ ಬಣ್ಣ, ಯಾವ ನೇಯ್ಗೆ ನಡೆಯುತ್ತದೆ ಎಂದು ಕೊಳ್ಳುವವರು ಅಲ್ಲಿ ಅಂದಾಜು ಮಾಡುತ್ತಾರೆ. ಕರೂರು, ಪಾಣಿಪತ್ತುಗಳಂಥ ಊರುಗಳ ಮಗ್ಗಗಳಿಗೆ ಕೆಲಸ ಕೊಡುವುದು ಇಂಥ ವ್ಯಾಪಾರವೇ. ಇಟಲಿಯ ಮಿಲಾನಿನ ಪೀಠೋಪಕರಣ ಮೇಳಕ್ಕೆ 1961ರಿಂದ ಇತಿಹಾಸವಿದೆ. ದೆಹಲಿಯಲ್ಲಿ 2024 ಮತ್ತು 2025ರ ಫೆಬ್ರುವರಿ ತಿಂಗಳಲ್ಲಿ 'ಭಾರತ್ ಟೆಕ್ಸ್' ಎಂಬ ಬೃಹತ್ ಜವಳಿ ಮೇಳ ನಡೆಯಿತು. ಇವು ಮುಖ್ಯವಾಗಿ ವ್ಯಾಪಾರಿಗಳಿಗಾಗಿ ನಡೆಯುವ ಮೇಳಗಳು. ವಿದ್ಯಾರ್ಥಿ ಅಲ್ಲಿಗೆ ಹೋಗಲಿಲ್ಲವೆಂದರೆ ನಷ್ಟವೇನೂ ಇಲ್ಲ.

ಹತ್ತಿರದಲ್ಲೇ ಕಲಿಯಲು ಬೇಕಾದಷ್ಟಿದೆ. ಜಿಲ್ಲಾ ಕೇಂದ್ರಗಳಲ್ಲಿ ಆಗಾಗ ಏರ್ಪಡುವ ಕೈಮಗ್ಗ ಮೇಳಗಳು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ನಡೆಯುವ ಕರಕುಶಲ ಸಂತೆಗಳು, ವಿನ್ಯಾಸ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರದರ್ಶನಗಳು ಇದ್ದೇ ಇವೆ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರಲ್ಲಿ ಅದೇ ದಿನ ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಗೆ ಕರೆ ಕೊಟ್ಟ ನೆನಪಿಗೆ 2015ರಿಂದ ಇದನ್ನು ಆಚರಿಸಲಾಗುತ್ತಿದೆ. ಆ ಸುಮಾರಿಗೆ ಪ್ರದರ್ಶನಗಳು ಹೆಚ್ಚು.

ಆದರೆ ಸುಮ್ಮನೆ ಸುತ್ತಾಡಿ ಬಂದರೆ ಕಾಲುನೋವು ಮಾತ್ರ ಲಾಭ. ಒಂದು ಟಿಪ್ಪಣಿ ಪುಸ್ತಕ, ಪೆನ್ಸಿಲು, ಅಳತೆ ಟೇಪು ಜೊತೆಗಿರಲಿ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಎಲ್ಲ ಮಳಿಗೆ ನೋಡಬೇಕು. ಎರಡನೆಯ ಸುತ್ತಿನಲ್ಲಿ ಮೂರೇ ಮಳಿಗೆ ಆರಿಸಿಕೊಂಡು ನಿಂತು ಮಾತಾಡಬೇಕು. ಬಟ್ಟೆಯ ಅಗಲ ಎಷ್ಟು? ಚಿತ್ತಾರ ಎಷ್ಟು ಅಂಗುಲಕ್ಕೆ ಮತ್ತೆ ಬರುತ್ತದೆ? ಬಣ್ಣ ಬಿಡುತ್ತದೆಯೇ? ಒಂದು ಗಜ ನೇಯಲು ಎಷ್ಟು ಹೊತ್ತು? ಜನಜಂಗುಳಿ ಇಲ್ಲದ ಹೊತ್ತಿನಲ್ಲಿ ವಿನಯದಿಂದ ಕೇಳಿದರೆ ನೇಕಾರರು ಸಂತೋಷದಿಂದ ಹೇಳುತ್ತಾರೆ. ಕೇಳದೆ ಫೋಟೊ ತೆಗೆಯಬಾರದು. ತಿಂಗಳುಗಟ್ಟಲೆ ಯೋಚಿಸಿ ಮಾಡಿದ ವಿನ್ಯಾಸ ಒಂದು ಫೋಟೊದಿಂದ ಬೇರೆಯವರ ಪಾಲಾಗಬಹುದು ಎಂಬ ಭಯ ಅವರಿಗಿದೆ.

ಆ ಭಯ ಸುಳ್ಳಲ್ಲ. ಕೈಮಗ್ಗದ ವಿನ್ಯಾಸವನ್ನು ಅಗ್ಗದ ಪಾಲಿಯೆಸ್ಟರ್ ಮೇಲೆ ಮುದ್ರಿಸಿ ಮಾರುವುದು ಸುಲಭ. ಇಳಕಲ್ ಸೀರೆ, ಗುಳೇದಗುಡ್ಡ ಖಣ, ನವಲಗುಂದ ಜಮಖಾನೆ, ಕಸೂತಿ, ಸಂಡೂರಿನ ಲಂಬಾಣಿ ಕಸೂತಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ ನಿಜ. ಆದರೂ ಬಟ್ಟೆ ತಿರುಗಿಸಿ ನೋಡುವ ಅಭ್ಯಾಸ ಕೊಳ್ಳುವವರಿಗೆ ಇರಬೇಕು. ನೇಯ್ದ ಖಣದ ಹಿಂಬದಿಯಲ್ಲಿ ಚಿತ್ತಾರದ ಎಳೆಗಳು ಕಾಣುತ್ತವೆ, ಮುದ್ರಿಸಿದ್ದರಲ್ಲಿ ಇಲ್ಲ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಮಗ್ಗದ ಪೂರಕ ಕೆಲಸದವರು 35 ಲಕ್ಷಕ್ಕೂ ಹೆಚ್ಚು; ಅವರಲ್ಲಿ ಹೆಚ್ಚಿನವರು ಮಹಿಳೆಯರು. ನಾಳೆ ವಿನ್ಯಾಸಕಾರರಾಗುವ ಮಕ್ಕಳು ಒಂದು ಹೋಟೆಲಿನ ಐವತ್ತು ಕೋಣೆಗೆ ಯಾವ ಬಟ್ಟೆ ಆರಿಸುತ್ತಾರೆ ಎಂಬುದು ಇವರಲ್ಲಿ ಕೆಲವರ ಊಟಕ್ಕೂ ಸಂಬಂಧಿಸಿದ ವಿಷಯ.

ಪಾಲಕರು ಕೇಳಬೇಕಾದದ್ದು

ಮುಖ್ಯವಾದದ್ದು ಸಮಯ. ಎನ್‌ಐಡಿ, ಎನ್‌ಐಎಫ್‌ಟಿ ಸಂಸ್ಥೆಗಳ ಪ್ರವೇಶ ಪರೀಕ್ಷೆಗೂ, ಐಐಟಿಗಳ ವಿನ್ಯಾಸ ಪದವಿಗಾಗಿ 2015ರಿಂದ ನಡೆಯುತ್ತಿರುವ 'ಯುಸೀಡ್' ಪರೀಕ್ಷೆಗೂ ಅರ್ಜಿ ಹಾಕುವ ಅವಧಿ ಸಾಮಾನ್ಯವಾಗಿ ದ್ವಿತೀಯ ಪಿಯುಸಿ ಪರೀಕ್ಷೆಗೆ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದವರಿಗೆ ಒಂದು ವರ್ಷ ಕೈತಪ್ಪುತ್ತದೆ. ಈ ಪದವಿಗಳಿಗೆ ಕಲೆ, ವಾಣಿಜ್ಯ, ವಿಜ್ಞಾನ ಎಂಬ ಭೇದವಿಲ್ಲ. ಆದರೆ ವಾಸ್ತುಶಿಲ್ಪದ ಪದವಿಗೆ ಗಣಿತ ಓದಿರಲೇಬೇಕು.

ಎರಡನೆಯದು ಮಾನ್ಯತೆ. 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳಲು 1972ರ ಕಾಯಿದೆಯಂತೆ ನೋಂದಣಿ ಬೇಕು. 'ಒಳಾಂಗಣ ವಿನ್ಯಾಸಕಾರ' ಎಂಬ ಹೆಸರಿಗೆ ಅಂಥ ಕಟ್ಟುಪಾಡಿಲ್ಲ. ಯಾರು ಬೇಕಾದರೂ ಫಲಕ ಹಾಕಬಹುದು, ಯಾರು ಬೇಕಾದರೂ ತರಗತಿ ತೆರೆಯಬಹುದು. ಆದ್ದರಿಂದ ಹಣ ಕಟ್ಟುವ ಮೊದಲು ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ನಾಲ್ಕೂ ವರ್ಷದ ಒಟ್ಟು ಖರ್ಚೆಷ್ಟು, ಸಾಮಗ್ರಿಯ ಖರ್ಚು ಅದರಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಬೇಕು. ಎರಡು ವರ್ಷದ ಹಿಂದೆ ಓದು ಮುಗಿಸಿದ ಇಬ್ಬರನ್ನು ಕಂಡು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಿದರೆ ಇನ್ನೂ ಒಳ್ಳೆಯದು. ಬಣ್ಣದ ಕೈಪಿಡಿ ಹೇಳದ್ದನ್ನು ಅವರು ಹೇಳುತ್ತಾರೆ.

ದೊಡ್ಡ ಶುಲ್ಕ ಕಟ್ಟಲಾಗದವರಿಗೆ ಬೇರೆ ದಾರಿಗಳಿವೆ. ಎಸ್ಸೆಸ್ಸೆಲ್ಸಿ ನಂತರ ಕೆಲವು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಒಳಾಂಗಣ ಅಲಂಕಾರದ ಡಿಪ್ಲೊಮಾ ಇದೆ. ಗದಗ-ಬೆಟಗೇರಿಯಲ್ಲಿ ಕೈಮಗ್ಗ ಮತ್ತು ಜವಳಿ ತಂತ್ರಜ್ಞಾನದ ಡಿಪ್ಲೊಮಾ ಕಲಿಸುವ ಸಂಸ್ಥೆ ಇದೆ. ಕೆಲಸವೆಂದರೆ ಶ್ರೀಮಂತರ ಮನೆ ಅಲಂಕರಿಸುವುದು ಮಾತ್ರವಲ್ಲ. ಪರದೆ ಬಟ್ಟೆಯ ರಫ್ತು ಘಟಕ, ಹೋಟೆಲು, ಆಸ್ಪತ್ರೆ, ಅಂಗಡಿ, ಸಿನಿಮಾ ಸೆಟ್ಟು ಎಲ್ಲ ಕಡೆಗೂ ಈ ವಿದ್ಯೆ ಬೇಕು. ಆದರೆ ಆರಂಭದ ಸಂಬಳ ಸಣ್ಣದಿರಬಹುದು, ಗಿರಾಕಿ ಮಾತು ಬದಲಿಸಬಹುದು, ಬಡಗಿ ಬಾರದ ದಿನ ತಾನೇ ನಿಂತು ಕೆಲಸ ಮಾಡಿಸಬೇಕಾಗಬಹುದು. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು, ಹೆದರಿಸಲು ಅಲ್ಲ.

ನಾಲ್ಕು ಅಡಿಯ ಕಿಟಕಿ

ಬಾಗಲಕೋಟೆಯ ಕಡೆಯ ಆ ಮನೆಯಲ್ಲಿ ಮಾತು ನಿಂತುಹೋಗಿ ನಾಲ್ಕು ದಿನ ಕಳೆಯಿತು. ಐದನೆಯ ದಿನ ಮಗಳು ಅಪ್ಪನ ಮುಂದೆ ಒಂದು ಹಾಳೆ ಇಟ್ಟಳು. ಪಡಸಾಲೆಯ ಕಿಟಕಿಗೆ ಪರದೆ ಬೇಕು. ಅಗಲ 48 ಅಂಗುಲ, ಇಳಿಬಿಡಬೇಕಾದ ಉದ್ದ 84 ಅಂಗುಲ. ಅಂಗಡಿಯ ಬಟ್ಟೆಯ ಅಗಲವೂ 48 ಅಂಗುಲ. ಎಷ್ಟು ಬಟ್ಟೆ ತರಬೇಕು?

ಮಾಸ್ತರರು ಬಾಯಲ್ಲೇ ಲೆಕ್ಕ ಮಾಡಿ, "84 ಅಂಗುಲ, ಮಡಿಕೆಗೆ ಒಂದಿಷ್ಟು ಸೇರಿಸು" ಎಂದರು.

ಮಗಳು ತಲೆಯಾಡಿಸಿದಳು. ನೆರಿಗೆ ಬರಬೇಕಾದರೆ ಕಿಟಕಿಯ ಎರಡರಷ್ಟು ಅಗಲ ಬೇಕು, ಅಂದರೆ ಎರಡು ತುಂಡು. ಮೇಲೆ ಕೆಳಗೆ ಮಡಿಸಲು ಪ್ರತಿ ತುಂಡಿಗೆ 12 ಅಂಗುಲ ಸೇರಿಸಿದರೆ 96. ಎರಡಕ್ಕೆ 192.

"ಆತಲ್ಲ, ಹೆಚ್ಚುಕಡಿಮೆ ನಾಲ್ಕೂ ಮುಕ್ಕಾಲು, ಐದು ಮೀಟರ್" ಎಂದರು ಅಪ್ಪ.

"ಇಲ್ಲಪ್ಪ. ಆ ಬಟ್ಟೀ ಮ್ಯಾಲಿನ ಹೂವು 18 ಅಂಗುಲಕ್ಕೊಮ್ಮೆ ಬರ್ತೈತಿ. ಎರಡೂ ತುಂಡಿನ್ಯಾಗ ಹೂವು ಒಂದಕ್ಕೊಂದು ಎದುರಾಬದುರಾ ಬರಬೇಕಲ್ಲ? 96ನ್ನ 18ರಿಂದ ಭಾಗಿಸಿದರ ಪೂರ್ತಿ ಬರೂದಿಲ್ಲ. ಮುಂದಿನ ಪೂರ್ತಿ ಸಂಖ್ಯೆ 108. ಎರಡಕ್ಕ 216. ಐದೂವರೆ ಮೀಟರ್ ತರಬೇಕು. ಐದು ತಂದ್ರ ಎರಡನೇ ತುಂಡು ಕಡಿಮಿ ಬೀಳ್ತೈತಿ."

ಮಾಸ್ತರರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ಭಾಗಾಕಾರ ಮಾಡಿ ನೋಡಿದರು. ಉತ್ತರ ಅದೇ ಬಂತು. ಅವರು ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ಶುಲ್ಕದ ಮಾತು ಬಾಕಿ ಇತ್ತು, ಬೆಂಗಳೂರಿನ ಹಾಸ್ಟೆಲ್ಲಿನ ಮಾತು ಬಾಕಿ ಇತ್ತು. ಆದರೆ ಪೆನ್ಸಿಲನ್ನು ಮಗಳಿಗೆ ವಾಪಸು ಕೊಡುತ್ತ ಕೇಳಿದ್ದು ಬೇರೆ ಪ್ರಶ್ನೆ: "ಅರ್ಜಿ ಯಾವ ತಿಂಗಳ ಕರೀತಾರವಾ?"